ಮಿಕ್ಸಿಯ ಧೂಳು, ಇಳಿಯದ ಡಿಕಾಕ್ಷನ್

ಶಿರಸಿ ಕಡೆ ಅಡಿಕೆ ತೋಟದ ನಡುವೆ ಕಾಫಿ ಗಿಡ ಹಾಕಿದವರು ಸುಮಾರು ಜನ ಇದ್ದಾರೆ. ನಮ್ಮಲ್ಲೂ ನಾಲ್ಕು ಗಿಡ ಇವೆ. ಈ ಸಲ ಬೀಜ ಹುರಿದು ನಾನೇ ಮಿಕ್ಸಿಗೆ ಹಾಕಿದೆ, ರಾತ್ರಿ ಫಿಲ್ಟರ್‌ಗೆ ಬಿಸಿನೀರು ಹೊಯ್ದು ಮಲಗಿದೆ. ಬೆಳಿಗ್ಗೆ ನೋಡಿದರೆ ನೀರೆಲ್ಲ ಮೇಲೇ ನಿಂತಿದೆ, ಕೆಳಗೆ ನಾಲ್ಕೇ ಚಮಚ ಡಿಕಾಕ್ಷನ್. ಆಯಿ ಚಮಚದಲ್ಲಿ ಫಿಲ್ಟರ್ ತಲೆಗೆ ನಾಲ್ಕು ಬಡಿದಳು, ಊಹೂಂ. ಇಳಿದಷ್ಟನ್ನೇ ಹಾಲಿಗೆ ಬೆರೆಸಿ ಕುಡಿದರೆ ಕಹಿ, ಜೊತೆಗೆ ಒಂಥರಾ ಹುಳಿ.

ಎರಡೂ ಒಟ್ಟಿಗೆ ಹೇಗೆ?

ಪುಡಿಯನ್ನು ಬಿಳಿ ಹಾಳೆ ಮೇಲೆ ಹರಡಿದೆ. ಒಂದಷ್ಟು ರವೆಗಿಂತ ದಪ್ಪ, ಉಳಿದದ್ದು ಬೆರಳಿಗೆ ಮೆತ್ತಿಕೊಳ್ಳುವ ಧೂಳು. ಹುರಿದ ಬೀಜ ಗರಿಗರಿ ಆಗಿರುತ್ತದಲ್ಲ, ಒಂದೇ ಅಳತೆಗೆ ಒಡೆಯುವುದಿಲ್ಲ. ಭತ್ತ ಮಿಲ್ಲಿಗೆ ಹಾಕಿದಾಗ ಅಕ್ಕಿ ಜೊತೆ ನುಚ್ಚು ಬಂದೇ ಬರುವ ಹಾಗೆ ಧೂಳು ಬರುತ್ತದೆ, ದುಬಾರಿ ಗ್ರೈಂಡರ್‌ನಲ್ಲೂ. ಮಿಕ್ಸಿಯಲ್ಲಿ ಜಾಸ್ತಿ, ಯಾಕೆಂದರೆ ಅದರ ಬ್ಲೇಡು ಅರೆಯುವುದಿಲ್ಲ, ಸುಮ್ನೆ ಸಿಕ್ಕಿದ್ದನ್ನು ಬಡಿಯುತ್ತದೆ.

ಸಾಮಾನ್ಯವಾಗಿ 100 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿಗಿಂತ ಸಣ್ಣದಾದದ್ದನ್ನು ಧೂಳು ಅನ್ನುತ್ತಾರೆ. 1 ಮಿ.ಮೀ. ಉದ್ದಗಲ ಎತ್ತರದ ಒಂದು ಚೂರನ್ನು ಆ ಅಳತೆಗೆ ಒಡೆದರೆ 1000 ಚೂರಾಗುತ್ತವೆ, ನೀರು ತಾಗುವ ಮೈ 10 ಪಟ್ಟಾಗುತ್ತದೆ. ಹಾಗಾಗಿ ಧೂಳು ತನ್ನ ಕಹಿವರೆಗೂ ಎಲ್ಲ ಬೇಗ ಬಿಟ್ಟುಬಿಡುತ್ತದೆ. ದಪ್ಪ ಚೂರಿನಿಂದ ಮೊದಲು ಹೊರಡುವುದು ಹುಳಿ, ಉಳಿದ ರುಚಿ ಹೊರಗೆ ಬರುವ ಮೊದಲೇ ನಾವು ಲೋಟ ಎತ್ತಿರುತ್ತೇವೆ.

ಇನ್ನೊಂದು, ಧೂಳು ಜಾರಿಕೊಂಡು ಸಂದಿಗಳಲ್ಲಿ, ಜಾಲರಿ ತೂತಿನಲ್ಲಿ ಕೂರುತ್ತದೆ. ನೀರು ಕಟ್ಟುತ್ತದೆ, ಇಲ್ಲಾ ಎಲ್ಲೋ ಒಂದು ದಾರಿ ಹುಡುಕಿ ಅಲ್ಲೇ ಹರಿಯುತ್ತದೆ. ಕಾಫಿ ಬಗ್ಗೆ ಸಂಶೋಧನೆ ಮಾಡುವ ರಸಾಯನ ವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಮತ್ತು ಜೊತೆಗಾರರು 2020ರಲ್ಲಿ ಎಸ್ಪ್ರೆಸೊ (ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಕಾಫಿ) ಬಗ್ಗೆ ಹೇಳಿದ್ದೂ ಇದನ್ನೇ: ತೀರಾ ನುಣ್ಣಗೆ ಮಾಡಿದರೆ ರುಚಿ ಜಾಸ್ತಿ ಇಳಿಯುವುದಿಲ್ಲ, ಕಡಿಮೆ ಆಗುತ್ತದೆ.

ಹಾಗಂತ ಧೂಳೇ ಬೇಡ ಅನ್ನೋ ಹಾಗಿಲ್ಲ. ಅದು ಸ್ವಲ್ಪವೂ ಇಲ್ಲದಿದ್ದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ನೀರು ನೀರಾಗುತ್ತದೆ, ನಮಗದು ಸೇರುತ್ತಾ?

ಈಗ ಬೀಜಕ್ಕೆ ಎರಡು ಹನಿ ನೀರು ಸವರಿ (ಪುಡಿ ಕರೆಂಟು ಹಿಡಿದು ಮುಚ್ಚಳಕ್ಕೆ ಅಂಟುವುದು ಕಡಿಮೆ ಆಗುತ್ತದೆ), ಮಿಕ್ಸಿ ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿಯುತ್ತೇನೆ. ಕೆಳಗೆ ಬಿದ್ದ ಧೂಳನ್ನು ಚೆಲ್ಲೋಕೆ ಆಯಿ ಬಿಡುವುದಿಲ್ಲ. ಬೆಲ್ಲ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಸಂಜೆಗೆ ಕೊಡುತ್ತಾಳೆ. ಕಣ ಹತ್ತು ಪಟ್ಟು ಸಣ್ಣದಾದರೆ ನೀರಿನಲ್ಲಿ ತಳ ಸೇರುವುದು ನೂರು ಪಟ್ಟು ನಿಧಾನ, ಹಾಗಾಗಿ ಬಟ್ಟೆ ದಾಟಿ ಬಂದ ಧೂಳು ಬೇಗ ಕೆಳಗೆ ಕೂರಲ್ಲ. ಕೂತಷ್ಟನ್ನು ಕೊನೆಯ ಗುಟುಕಿನ ಜೊತೆ ಲೋಟದಲ್ಲೇ ಬಿಡುತ್ತೇನೆ.