ಮಗು ಅಳದಿದ್ದರೇ ನನಗೆ ಭಯ

ಮಕ್ಕಳ ಕ್ಯಾನ್ಸರ್ ವಾರ್ಡಿನಿಂದ ರಾತ್ರಿ ಫೋನ್ ಬಂತೆಂದರೆ ವಿಷಯ ಹೆಚ್ಚುಕಡಿಮೆ ಒಂದೇ. ಕೀಮೋ ನಡೆಯುತ್ತಿರುವ ಮಗು, ಆ್ಯಂಟಿಬಯೋಟಿಕ್ ಶುರುಮಾಡಿ ನಾಲ್ಕು ದಿನವಾದರೂ ಜ್ವರ ಇಳಿದಿಲ್ಲ, ಇವತ್ತು ಒಂದು ಕಣ್ಣಿನ ಕೆಳಗೆ ಚೂರು ಊತ. "ಬೆಳಿಗ್ಗೆ ನೋಡಿದರೂ ಆಗುತ್ತೆ ಮೇಡಂ" ಎನ್ನುತ್ತಾರೆ. ಆಗುವುದಿಲ್ಲ. ಮೂಗಿನೊಳಗೆ ನೋಡುವ ಕೊಳವೆ, ಎಂಡೋಸ್ಕೋಪ್, ಎತ್ತಿಕೊಂಡು ಆಗಲೇ ಹೊರಡುತ್ತೇನೆ. ಮೂಗಿನೊಳಗೆ ಫಂಗಸ್ ನುಗ್ಗಿದೆಯೇ ಎಂದು ಆ ರಾತ್ರಿಯೇ ನೋಡಬೇಕು.

ನೆಗಡಿಯಾಗಿ ಮೂಗು ಕಟ್ಟಿದ ಮಾಮೂಲಿ ಮಗುವಿನ ಅಪ್ಪ ಅಮ್ಮ ಇದನ್ನು ಓದಿ ಗಾಬರಿಯಾಗಬೇಡಿ. ಫಂಗಸ್‌ನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ನಾವೆಲ್ಲ ದಿನಾ ಒಳಗೆ ಎಳೆದುಕೊಳ್ಳುತ್ತೇವೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅವನ್ನು ಬೇರೂರಲು ಬಿಡುವುದಿಲ್ಲ. ರಕ್ತದ ಕ್ಯಾನ್ಸರ್ ಇರುವ, ಬೋನ್ ಮ್ಯಾರೋ ಕಸಿಯಾದ ಮಕ್ಕಳಲ್ಲಿ ಈ ಕಣಗಳ ಕೌಂಟ್ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದು ದಿನಗಟ್ಟಲೆ ಮೇಲೇಳದಿದ್ದರೆ ಕಾವಲೇ ಇಲ್ಲದಂತಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿದ ಮಕ್ಕಳಿಗೂ ಅಪಾಯವಿದೆ, ಮುಖ್ಯವಾಗಿ ಬ್ಲ್ಯಾಕ್ ಫಂಗಸ್ ರೋಗ ತರುವ ಮ್ಯೂಕರ್ ಎಂಬ ಫಂಗಸ್‌ನಿಂದ.

ಇಂಥ ಫಂಗಸ್ ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳಾದ ಸೈನಸ್‌ನಲ್ಲಿ ಸುಮ್ನೆ ಕೂರುವುದಿಲ್ಲ. ರಕ್ತನಾಳದೊಳಗೇ ನುಗ್ಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆಚೆಗಿನ ಮಾಂಸ ಸಾಯುತ್ತದೆ. ಬ್ಲ್ಯಾಕ್ ಫಂಗಸ್ ಅಂತಾರಲ್ಲ, ಅಲ್ಲಿ ಕಪ್ಪಾಗಿರುವುದು ಫಂಗಸ್ ಅಲ್ಲ, ಸತ್ತ ಮಾಂಸ. ಕಪ್ಪಾಗುವ ಮುಂಚೆ ಅದು ಬಿಳಿಚಿಕೊಳ್ಳುತ್ತದೆ. ನಾನು ಹುಡುಕುವುದು ಆ ಬಿಳುಪನ್ನು.

ಮೂಗಿನೊಳಗೆ ಮಧ್ಯದ ಟರ್ಬಿನೇಟ್ ಎಂಬ ಮಡಿಕೆಯಿದೆ. ಅದನ್ನು ಉಪಕರಣದ ತುದಿಯಿಂದ ಮುಟ್ಟಿದರೆ ಯಾವ ಮಗುವಾದರೂ ಕಿರುಚಬೇಕು. ಕೀಮೋದಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬೇರೆ ಕಮ್ಮಿ ಇರುತ್ತದೆ, ರಕ್ತ ಜಾಸ್ತಿಯೇ ಬರಬೇಕು ಅಲ್ವಾ? ಮಗು ಸುಮ್ಮನೆ ನನ್ನ ಮುಖ ನೋಡುತ್ತಿದ್ದು, ಒಂದು ತೊಟ್ಟು ರಕ್ತವೂ ಬರದಿದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಸತ್ತ ಮಾಂಸಕ್ಕೆ ನೋವೂ ಇಲ್ಲ, ರಕ್ತವೂ ಇಲ್ಲ.

ಸಿಟಿ ಸ್ಕ್ಯಾನ್ ಆಗ ಅಷ್ಟಾಗಿ ನೆರವಾಗುವುದಿಲ್ಲ. ಶುರುವಿನಲ್ಲಿ ಅದರಲ್ಲಿ ಕಾಣುವುದು ನೆಗಡಿಯಲ್ಲೂ ಕಾಣುವಂಥ ಊತವೇ. ಮೂಳೆ ಸವೆದದ್ದು ಕಾಣುವಷ್ಟರಲ್ಲಿ ರೋಗ ಮುಂದೆ ಹೋಗಿರುತ್ತದೆ. ಹಾಗಾಗಿ ಚೂರು ಮಾಂಸ ತೆಗೆದು ಆ ರಾತ್ರಿಯೇ ಲ್ಯಾಬ್‌ಗೆ ಕಳಿಸುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಸಣ್ಣ, ಗೆಣ್ಣುಗೆಣ್ಣಿನಂಥ ಎಳೆ ಕಂಡರೆ ಆಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ ಇರಬಹುದು. ಅಗಲ ರಿಬ್ಬನ್ನಿನಂತಿದ್ದರೆ ಮ್ಯೂಕರ್. ವೊರಿಕೊನಜೋಲ್ ಮೊದಲನೆಯದಕ್ಕೆ ಒಳ್ಳೆಯ ಮದ್ದು, ಎರಡನೆಯದಕ್ಕೆ ನಾಟುವುದೇ ಇಲ್ಲ. ಯಾವುದೆಂದು ಗೊತ್ತಾಗುವವರೆಗೆ ಸಾಮಾನ್ಯವಾಗಿ ಎರಡಕ್ಕೂ ನಾಟುವ ಲೈಪೋಸೋಮಲ್ ಆಂಫೋಟೆರಿಸಿನ್ ಕೊಡುತ್ತೇವೆ, ಕಿಡ್ನಿ ಮತ್ತು ಪೊಟ್ಯಾಸಿಯಮ್ ಮೇಲೆ ಕಣ್ಣಿಟ್ಟು.

"ಔಷಧಿಯಲ್ಲೇ ಹೋಗಲ್ವಾ, ಆಪರೇಷನ್ ಬೇಕೇ ಬೇಕಾ?" ಎಂದು ತಾಯಂದಿರು ಕೇಳುತ್ತಾರೆ. ಔಷಧಿ ಹೋಗುವುದು ರಕ್ತದ ಜೊತೆ. ರಕ್ತವೇ ಹರಿಯದ ಕಡೆ ಅದು ತಲುಪುವುದಾದರೂ ಹೇಗೆ? ಅದಕ್ಕೇ ಸತ್ತದ್ದನ್ನೆಲ್ಲ, ರಕ್ತ ಜಿನುಗುವ ಜಾಗ ಸಿಗುವವರೆಗೆ, ಕೆರೆದು ತೆಗೆಯುತ್ತೇವೆ. ಬೇಗ ಸಿಕ್ಕಿದರೆ ಮೂಗಿನ ಮೂಲಕವೇ, ಮುಖಕ್ಕೆ ಗಾಯವಿಲ್ಲದೆ ಮುಗಿಯುತ್ತದೆ. ಒಂದೆರಡು ದಿನ ಬಿಟ್ಟು ಮತ್ತೆ ಒಳಗೆ ನೋಡಬೇಕಾಗಬಹುದು. ಇಷ್ಟೆಲ್ಲ ಮಾಡಿದರೂ ನಾವು ಸಂಪಾದಿಸುವುದು ಸಮಯವನ್ನು ಮಾತ್ರ. ಗೆಲ್ಲಿಸುವುದು ಮೇಲೇರುವ ನ್ಯೂಟ್ರೋಫಿಲ್ ಕೌಂಟ್.

ಕೀಮೋದಲ್ಲಿರುವ ಮಗು ಮನೆಯಲ್ಲಿದ್ದರೆ ದಿನಕ್ಕೊಮ್ಮೆ ಬಾಯಿ ತೆರೆಸಿ, ಟಾರ್ಚ್ ಬಿಟ್ಟು ಅಂಗುಳ ನೋಡಿ. ಬಿಳಿಚಿದ ಅಥವಾ ಕಪ್ಪಾದ ಮಚ್ಚೆ, ಒಂದೇ ಕಡೆಯ ಮುಖನೋವು, ಜೋಮು ಹಿಡಿದ ಕೆನ್ನೆ, ಕಣ್ಣಿನ ಸುತ್ತ ಊತ, ಇವುಗಳಲ್ಲಿ ಯಾವುದೇ ಕಂಡರೂ ಆಗಲೇ ವಾರ್ಡಿಗೆ ಫೋನ್ ಮಾಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ.