ಮಾತಿಗೆ ಬೆಳ್ಳಿ ಬಂದದ್ದು ಎಲ್ಲಿಂದ?

‘ಮಾತು ಬೆಳ್ಳಿ, ಮೌನ ಬಂಗಾರ’ ಯಾರು ಹೇಳಿದ್ದು ಎಂದರೆ ಥಟ್ಟನೆ ಬರುವ ಹೆಸರು ಸರ್ವಜ್ಞ. ಹಾಗಿದ್ದರೆ ಪೂರ್ತಿ ತ್ರಿಪದಿ ಎಲ್ಲಿ ಎಂದು ಕೇಳಿ. ಯಾರಾದರೂ ತಂದುಕೊಟ್ಟರೆ ಗಣ (ಛಂದಸ್ಸಿನಲ್ಲಿ ಅಕ್ಷರಗಳ ಗುಂಪು) ಹಾಕಿ ನೋಡಿ: ಒಟ್ಟು 11 ಗಣ, 6 ಮತ್ತು 10ನೆಯದು ಚಿಕ್ಕದಾದ ಬ್ರಹ್ಮಗಣ, ಉಳಿದವು ಅದಕ್ಕಿಂತ ದೊಡ್ಡದಾದ ವಿಷ್ಣುಗಣ. ಗಣ ಕೆಟ್ಟಿದ್ದರೆ ಸಂಶಯ ಬಲವಾಗುತ್ತದೆ. ಸರಿಯಿದ್ದರೂ ಕರ್ತೃತ್ವ ಸಾಬೀತಾಗದು. ಯಾರು ಕಟ್ಟಿದರೆಂದು ಗೊತ್ತಿಲ್ಲದ ಬೀಸುವ ಕಲ್ಲಿನ ಪದಗಳೂ ತ್ರಿಪದಿಗಳೇ ತಾನೆ.

ಗಾದೆಯ ಮೂಲ ಹುಡುಕುವಾಗ ವಿಚಾರ, ಹೋಲಿಕೆ, ಈಗಿನ ಪದಜೋಡಣೆ ಮೂರನ್ನೂ ಬಿಡಿಸಿಡಬೇಕು. ಇವುಗಳಿಗೆ ಒಂದೇ ವಯಸ್ಸಿರುವುದು ಅಪರೂಪ. ಯಹೂದಿಗಳ ಧರ್ಮಗ್ರಂಥವಾದ ಬಾಬಿಲೋನಿನ ತಾಲ್ಮೂದ್‌ನ ಮೆಗಿಲ್ಲಾ ಭಾಗದಲ್ಲಿ ‘ಮಾತಿಗೆ ಒಂದು ಸೆಲಾ, ಮೌನಕ್ಕೆ ಎರಡು’ ಎಂಬರ್ಥದ ನುಡಿಯಿದೆ. ಸೆಲಾ ಬೆಳ್ಳಿ ನಾಣ್ಯ; ಅಂದರೆ ತೂಗಿ ನೋಡುವ ವಿಚಾರ ಬಂದಾಗಿದೆ, ಬಂಗಾರ ಇನ್ನೂ ಬಂದಿಲ್ಲ. ಬೆಳ್ಳಿ–ಬಂಗಾರದ ಜೋಡಿ 9ನೇ ಶತಮಾನದ ಅರಬ್ಬೀ ಸಂಕಲನಗಳಲ್ಲಿದೆ. ಅಲ್ಲಿ ಅದು ದೊರೆ ಸುಲೈಮಾನ್ (ಸೊಲೊಮನ್) ಅಥವಾ ಜ್ಞಾನಿ ಲುಕ್ಮಾನನ ಮಾತು. ನಮ್ಮಲ್ಲಿ ಸರ್ವಜ್ಞನಿಗೆ ಕಟ್ಟುವಂತೆ ಅಲ್ಲಿ ಲುಕ್ಮಾನನಿಗೆ ಕಟ್ಟುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ಲೇಖಕ ಥಾಮಸ್ ಕಾರ್ಲೈಲ್ ಹೆಸರು ಅಂಟಿದೆ. 1833–34ರಲ್ಲಿ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ‘ಸಾರ್ಟರ್ ರಿಸಾರ್ಟಸ್’ನಲ್ಲಿ ಆತ ಇದನ್ನು ಜರ್ಮನ್ ಭಾಷೆಯಲ್ಲೇ ಕೊಟ್ಟು, ಸ್ವಿಸ್ ಶಾಸನವೊಂದರ ಮಾತು ಎಂದು ಬರೆದಿದ್ದಾನೆ. ತನ್ನದಲ್ಲ ಎಂದು ಅವನೇ ಹೇಳಿದ್ದನ್ನು ಉಲ್ಲೇಖಿಸುವವರು ಓದುವುದಿಲ್ಲ.

ಇನ್ನು ಕನ್ನಡ. ಮಾತನ್ನು ತೂಗಲು ನಮ್ಮ ಹಳೆಯ ನುಡಿಗಳು ಕೈಹಾಕುವುದು ಮುತ್ತಿಗೆ: ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’. 12ನೇ ಶತಮಾನದ ಬಸವಣ್ಣನ ವಚನದಲ್ಲೂ ನುಡಿ ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ. ಅಲ್ಲಿ ಲೋಹವಿಲ್ಲ, ಮೌನವನ್ನು ಮೇಲಿಡುವುದೂ ಇಲ್ಲ. ಒಳ್ಳೆಯ ಮಾತಿಗೇ ಪೂರ್ತಿ ಬೆಲೆ. ಹಾಗಾಗಿ ಬೆಳ್ಳಿ–ಬಂಗಾರದ ಜೋಡಿ ಹೊರಗಿನಿಂದ ಬಂದದ್ದು ಎಂಬ ಕಡೆಗೇ ನನ್ನ ಒಲವು.

ಇದನ್ನು ಒರೆಗೆ ಹಚ್ಚುವವರು 1894ರ ಕಿಟೆಲ್ ನಿಘಂಟಿನಿಂದ ಶುರುಮಾಡಬಹುದು, ಅದರಲ್ಲಿ ಗಾದೆಗಳು ಹೇರಳ. ‘ಮಾತು’ ಒಂದನ್ನೇ ನೋಡಿ ಮುಚ್ಚಬೇಡಿ. ಬೆಳ್ಳಿ, ಬಂಗಾರ, ಹೊನ್ನು, ಚಿನ್ನ, ನುಡಿ, ಮೌನ ಎಲ್ಲದರಡಿಯಲ್ಲೂ ಹುಡುಕಿ. ಡಿಜಿಟಲ್ ಸಂಗ್ರಹದ ಇಸವಿಯನ್ನಂತೂ ಹಾಗೇ ನಂಬುವಂತಿಲ್ಲ. ಪತ್ರಿಕೆಗಳ ಎಲ್ಲ ಸಂಪುಟಗಳಿಗೂ ಮೊದಲ ಸಂಪುಟದ ವರ್ಷವನ್ನೇ ಹಾಕಿರುವುದುಂಟು. ಮರುಮುದ್ರಣದಲ್ಲಿ ಸೇರಿಸಿದ ಗಾದೆಗೆ ಮೊದಲ ಮುದ್ರಣದ ವಯಸ್ಸು ಸಿಕ್ಕಿಬಿಡುವುದೂ ಉಂಟು. ಶೀರ್ಷಿಕೆ ಪುಟದ ಚಿತ್ರ ತೆರೆದು ಮುದ್ರಣದ ವರ್ಷ ನೋಡಿದ ಮೇಲೆಯೇ ಇಸವಿ ಬರೆದುಕೊಳ್ಳಿ.