ತಾರತಮ್ಯದ ಕಾನೂನು: ಒಂದು ದಿನದ ತರಬೇತಿಯಲ್ಲಿ ಏನು ಕಲಿಸಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ, ಮನೆಗೆಲಸ, ಗಾರೆ ಕೆಲಸಕ್ಕೆ ಹೋಗುವವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಜಾತಿ ಹಿಡಿದು ಬೈಯುವುದು, ಹೆಂಗಸರಿಗೆ ಕಡಿಮೆ ಕೂಲಿ, ಮೇಸ್ತ್ರಿಗಳ ಕಾಟ ಎಲ್ಲವೂ ಇದೆ. ಹಿಂದೆ ಎರಡು ಸಲ ಕಾನೂನು ಅರಿವು ಕಾರ್ಯಕ್ರಮ ಇಟ್ಟೆವು. ಜನ ಬಂದರು, ಕೇಳಿದರು, ಎದ್ದು ಹೋದರು. ಆಮೇಲೆ ಒಬ್ಬರೂ ದೂರು ಕೊಡಲಿಲ್ಲ. ಮತ್ತೆ ಒಂದು ದಿನದ ತರಬೇತಿ ಇಡಬೇಕೆಂದಿದ್ದೇವೆ. ಈ ಸಲ ಏನು ಕಲಿಸಬೇಕು?

ಉತ್ತರ: ದೂರು ಬರೆಯುವುದನ್ನು ಕಲಿಸಿ. ಸಂಜೆ ಮನೆಗೆ ಹೊರಡುವಾಗ ಬಂದ ಪ್ರತಿಯೊಬ್ಬರ ಕೈಯಲ್ಲೂ ತಾವೇ ಬರೆದ ಅಥವಾ ಹೇಳಿ ಬರೆಸಿದ ಒಂದು ಅರ್ಜಿ ಇರಬೇಕು, ಅದನ್ನು ಎಲ್ಲಿ ಕೊಡಬೇಕೆಂಬುದು ಗೊತ್ತಿರಬೇಕು. ದಿನದ ಉಳಿದ ಕೆಲಸವೆಲ್ಲ ಇದಕ್ಕೆ ತಯಾರಿ.

ಅರಿವು ಕಾರ್ಯಕ್ರಮ ಯಾಕೆ ಕೈಗೂಡುವುದಿಲ್ಲ ಎಂದರೆ, ಪ್ರಾರ್ಥನೆ, ದೀಪ, ಸನ್ಮಾನ ಮುಗಿಯುವಷ್ಟರಲ್ಲಿ ಹನ್ನೊಂದೂವರೆ ಆಗಿರುತ್ತದೆ. ಆಮೇಲೆ ಸಂವಿಧಾನದ 14, 15, 17ನೇ ವಿಧಿಗಳ ಬಗ್ಗೆ ಭಾಷಣ. ಆ ವಿಧಿಗಳು ಬೇಕೇ ಬೇಕು, ಆದರೆ ನಿನ್ನೆ ಭಟ್ಟಿಯಲ್ಲಿ ಬೈಸಿಕೊಂಡು ಬಂದ ಹೆಣ್ಣುಮಗಳಿಗೆ ಮೊದಲು ತಿಳಿಯಬೇಕಾದದ್ದು ಮೂರು: ತನಗಾದದ್ದು ಯಾವ ಕಾನೂನಿನ ಅಡಿ ಬರುತ್ತದೆ, ಯಾರ ಬಾಗಿಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು.

ಮೊದಲ ಅರ್ಧ ಗಂಟೆಯಲ್ಲೇ ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡಿ. ಖಾಸಗಿ ಕೆಲಸದ ಜಾಗದಲ್ಲಿ ಎಲ್ಲ ಬಗೆಯ ತಾರತಮ್ಯವನ್ನೂ ತಡೆಯುವ ಒಂದೇ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಜಾತಿ ದೌರ್ಜನ್ಯಕ್ಕೆ ಒಂದು, ಲೈಂಗಿಕ ಕಿರುಕುಳಕ್ಕೆ ಇನ್ನೊಂದು, ಕೂಲಿಗೆ ಮತ್ತೊಂದು, ಅಂಗವಿಕಲರಿಗೆ 2016ರದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದು, ಎಚ್‌ಐವಿ ಇರುವವರಿಗೆ 2017ರದು, ಹೀಗೆ ಬಿಡಿಬಿಡಿ. ಧರ್ಮ ನೋಡಿ ಖಾಸಗಿ ಮಾಲೀಕನೊಬ್ಬ ಕೆಲಸ ಕೊಡದಿದ್ದರೆ ನೇರವಾಗಿ ಹಿಡಿಯುವ ಕಾನೂನು ಸಿಗುವುದು ಕಷ್ಟ. ಇದನ್ನು ಹೇಳದೆ ‘ಎಲ್ಲದಕ್ಕೂ ಕಾನೂನಿದೆ’ ಎಂದು ಕಳಿಸಿದರೆ, ಮೊದಲ ಸಲ ಬರಿಗೈಲಿ ಬಂದವರು ಎರಡನೇ ಸಲ ನಿಮ್ಮ ಸಭೆಗೆ ಬರುವುದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ಜಾತಿಯ ವಿಷಯಕ್ಕೆ. ಇಲ್ಲಿ ಎರಡು ಕಾಯ್ದೆಗಳಿವೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೋಟೆಲ್, ಕ್ಷೌರದಂಗಡಿ, ದೇವಸ್ಥಾನ, ನೀರಿನ ಜಾಗ, ಬಾಡಿಗೆ ಮನೆ ಇಂಥ ಕಡೆ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದನ್ನು ಶಿಕ್ಷಿಸುತ್ತದೆ. ಬೇರೆ ಲೋಟ ಇಡುವುದೂ ಇದರಲ್ಲಿ ಬರುತ್ತದೆ. ಈ ಕಾಯ್ದೆಯ 12ನೇ ಕಲಂ ಬಹಳ ಜನಕ್ಕೆ ಗೊತ್ತಿಲ್ಲ: ಅನ್ಯಾಯವಾದವರು ಪರಿಶಿಷ್ಟ ಜಾತಿಯವರಾದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದೆಂದು ನ್ಯಾಯಾಲಯ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಎರಡನೆಯದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರಿನಲ್ಲಿ ಬೈಯುವುದು, ಅವಮಾನಿಸುವುದು, ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕುವುದು ಇದರಲ್ಲಿ ಅಪರಾಧ. ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡದವನೇ ಆಗಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ದೂರುದಾರರ ಜಾತಿ ಪ್ರಮಾಣಪತ್ರದ ಜೆರಾಕ್ಸ್ ಅರ್ಜಿಯ ಜೊತೆಗಿರಲಿ.

‘ಸಾರ್ವಜನಿಕರ ಕಣ್ಣೆದುರು’ ಎನ್ನುವಲ್ಲಿ ಎಷ್ಟೋ ಕೇಸುಗಳು ಬಿದ್ದುಹೋಗುತ್ತವೆ. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ದೂರಿನಲ್ಲಿ ಜಾಗ ಯಾವುದು, ಕೇಳಿಸಿಕೊಂಡವರು ಯಾರು ಎರಡೂ ಸ್ಪಷ್ಟವಾಗಿರಬೇಕು. ತರಬೇತಿಯಲ್ಲಿ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆಸಬೇಕು. ಬರೆಯಲು ಕೂತವರು ಮೊದಲು ಬರೆಯುವುದು ಒಂದೇ ಸಾಲು: ‘ಮೇಸ್ತ್ರಿ ನನಗೆ ಜಾತಿ ನಿಂದನೆ ಮಾಡಿರುತ್ತಾರೆ, ಕ್ರಮ ಕೈಗೊಳ್ಳಿ.’ ಈ ಸಾಲಿನಿಂದ ತನಿಖೆ ಮಾಡುವವರಿಗೆ ಏನೂ ಸಿಗುವುದಿಲ್ಲ. ಅದನ್ನೇ ಬಿಡಿಸಿ ಬರೆಸಿದರೆ ಹೀಗಾಗುತ್ತದೆ: ‘12ನೇ ತಾರೀಖು ಬುಧವಾರ ಬೆಳಿಗ್ಗೆ ಸುಮಾರು 8 ಗಂಟೆಗೆ, ಭಟ್ಟಿಯ ಮುಂದೆ ರಸ್ತೆಗೆ ಹೊಂದಿಕೊಂಡ ಬಯಲಲ್ಲಿ ನಾನು ಅಕ್ಕಿ ಒಣಹಾಕುತ್ತಿದ್ದೆ. ಕುಡಿಯುವ ನೀರಿನ ಕೊಡ ಮುಟ್ಟಿದೆನೆಂದು ಮೇಸ್ತ್ರಿ ಇಂಥವರು ನನ್ನ ಜಾತಿಯ ಹೆಸರು ಹಿಡಿದು ಹೀಗೆ ಬೈದರು. ಜೊತೆಯಲ್ಲಿದ್ದ ಇಬ್ಬರು ಕೆಲಸಗಾರರು ಮತ್ತು ರಸ್ತೆಯಲ್ಲಿ ನಿಂತಿದ್ದ ಆಟೋದವರು ಕೇಳಿಸಿಕೊಂಡರು.’ ‘ಹೀಗೆ’ ಅಂದ ಕಡೆ ಬೈಗುಳವನ್ನು ಅಕ್ಷರಕ್ಕಕ್ಷರ ಬರೆಯಬೇಕು. ಹೆಣ್ಣುಮಕ್ಕಳು ಇಲ್ಲಿ ಪೆನ್ನು ಕೆಳಗಿಡುತ್ತಾರೆ, ‘ಅದನ್ನ ಹೆಂಗ್ ಬರೀಲಿ ಅಕ್ಕಾ’ ಅನ್ನುತ್ತಾರೆ. ಆ ಹೊಲಸು ಆಡಿದವನದು, ಬರೆದವರದ್ದಲ್ಲ ಎಂದು ಪಕ್ಕದಲ್ಲಿ ಕೂತು ಹೇಳಿ. ಆ ಮಾತು ಕಾಗದದ ಮೇಲೆ ಬಾರದಿದ್ದರೆ ಮುಂದೆ ನ್ಯಾಯಾಲಯದಲ್ಲಿ ‘ಮೊದಲ ದೂರಿನಲ್ಲೇ ಇರಲಿಲ್ಲವಲ್ಲ’ ಎಂದು ಆರೋಪಿಯ ವಕೀಲರು ಹಿಡಿಯುತ್ತಾರೆ. ಈ ಒಂದು ಅಭ್ಯಾಸಕ್ಕೆ ಒಂದೂವರೆ ಗಂಟೆ ಇಡಿ, ಕಡಿಮೆ ಬೇಡ.

ಊಟದ ನಂತರ ಠಾಣೆಯ ದೃಶ್ಯ ಮಾಡಿಸಿ. ಒಬ್ಬರು ಮೇಜಿನ ಹಿಂದೆ ರೈಟರ್, ಅಂದರೆ ದೂರು ಬರೆದುಕೊಳ್ಳುವ ಪೊಲೀಸ್ ಆಗಿ ಕೂರಲಿ, ‘ಯಾಕಮ್ಮಾ, ಊರಾಗಿನ ವಿಷಯ ಠಾಣೆಗೆ ತರ್ತೀಯ, ರಾಜಿ ಮಾಡ್ಕಳ್ರಿ’ ಎನ್ನಲಿ. ‘ಸಾಹೇಬ್ರು ಇಲ್ಲ, ನಾಳೆ ಬರ್ರಿ’ ಎನ್ನಲಿ. ‘ಮೊದ್ಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್’ ಎನ್ನಲಿ. ಮೂರಕ್ಕೂ ಉತ್ತರ ಬಾಯಿಗೆ ಬರುವವರೆಗೆ ಜನರನ್ನು ಬದಲಿಸುತ್ತಾ ಆಡಿಸಿ. ಉತ್ತರಗಳಿಗೆ ಆಧಾರ ಇಷ್ಟು: 2018ರಲ್ಲಿ ಸೇರಿಸಿದ 18ಎ ಕಲಂ ಪ್ರಕಾರ ದೌರ್ಜನ್ಯ ತಡೆ ಕಾಯ್ದೆಯ ದೂರಿಗೆ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಪೊಲೀಸರೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಠಾಣೆಯ ಸರಹದ್ದು ಬೇರೆ ಎಂದು ವಾಪಸ್ ಕಳಿಸುವ ಹಾಗಿಲ್ಲ. ತೆಗೆದುಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 173(4)ನೇ ಕಲಂನಂತೆ ಅದೇ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಬಹುದು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ದೂರಿನ ನಕಲಿಗೆ ಪಿನ್ ಹೊಡೆದಿಡಿ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗೆ ಹೋಗಲಿ, ಏಕೆಂದರೆ ಈ ಕಾಯ್ದೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಅವರೇ ಅಧ್ಯಕ್ಷರು, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು.

ಕೇಸು ದಾಖಲಾದ ಮೇಲೆ ಏನು ಕೇಳಬೇಕೆಂದೂ ಗೊತ್ತಿರಲಿ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, 60 ದಿನದಲ್ಲಿ ಆರೋಪಪಟ್ಟಿ ಆಗಬೇಕು. ಜಾತಿ ನಿಂದನೆಯ ಪ್ರಕರಣಕ್ಕೆ 2016ರ ನಿಯಮಗಳಲ್ಲಿ 1 ಲಕ್ಷ ರೂಪಾಯಿ ಪರಿಹಾರವಿದ್ದು, ಅದರ ಶೇ. 25ರಷ್ಟು ಎಫ್‌ಐಆರ್ ಹಂತದಲ್ಲೇ ಸಿಗಬೇಕು. ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ.

ಲೈಂಗಿಕ ಕಿರುಕುಳದ ವಿಷಯವನ್ನು ಹೆಂಗಸರಿಗೆ ಪ್ರತ್ಯೇಕವಾಗಿ, ಹೆಂಗಸರಿಂದಲೇ ಮಾಡಿಸಿ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಆದರೆ ಮಂಡಕ್ಕಿ ಭಟ್ಟಿ, ಮನೆಗೆಲಸ, ಸಣ್ಣ ಗಾರೆ ಕೆಲಸಗಳಲ್ಲಿ ಹತ್ತು ಜನ ಇರುವುದೇ ಕಡಿಮೆ. ಅಂಥವರಿಗೆ, ಮತ್ತು ಮಾಲೀಕನೇ ಆರೋಪಿಯಾದಾಗ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ನಿಮ್ಮ ಜನಕ್ಕೆ ನಿಜವಾಗಿ ಬೇಕಾದ ಬಾಗಿಲು ಅದು, ಆದರೆ ಹೆಚ್ಚಿನ ತರಬೇತಿಗಳಲ್ಲಿ ಅದರ ಹೆಸರೇ ಬರುವುದಿಲ್ಲ. ಅದರ ಅಧ್ಯಕ್ಷೆ ಯಾರು, ದೂರು ತೆಗೆದುಕೊಂಡು ಸಮಿತಿಗೆ ಕಳಿಸುವ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಎಲ್ಲಿ ಕೂರುತ್ತಾರೆ ಎಂಬುದನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಮೊದಲೇ ಕೇಳಿ, ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಆರು ಪ್ರತಿ ಬೇಕು. ಬರೆಯಲಾಗದವರಿಗೆ ಸಮಿತಿಯವರೇ ನೆರವಾಗಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ದುಡ್ಡು ಕೊಟ್ಟು ರಾಜಿ ಮಾಡಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ. ದೂರು ಸಾಬೀತಾಗದಿದ್ದ ಮಾತ್ರಕ್ಕೆ ದೂರುದಾರಳನ್ನು ಸುಳ್ಳುಗಾರ್ತಿ ಎಂದು ಶಿಕ್ಷಿಸುವ ಹಾಗಿಲ್ಲ ಎನ್ನುವುದನ್ನು ಎರಡು ಸಲ ಹೇಳಿ, ಹೆದರಿಸುವವರು ಮೊದಲು ಎತ್ತುವುದೇ ಆ ಮಾತನ್ನು.

ಕೂಲಿಯ ತಾರತಮ್ಯ ಎಲ್ಲರ ಅನುಭವದಲ್ಲೂ ಇದೆ, ಚನ್ನಗಿರಿಯ ಅಡಿಕೆ ಸುಲಿಯುವ ಮನೆಯಲ್ಲಾಗಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಾಗಲಿ. ಒಂದೇ ಬಗೆಯ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಕೊಡಬಾರದೆಂಬ ನಿಯಮ 1976ರಿಂದ ಇದೆ, ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿದೆ. ದೂರು ಕಾರ್ಮಿಕ ಇಲಾಖೆಗೆ. ‘ಗಂಡಸರು ಮೂಟೆ ಹೊರುತ್ತಾರೆ, ಅದು ಬೇರೆ ಕೆಲಸ’ ಎಂಬುದು ಮಾಲೀಕರ ಸಿದ್ಧ ಉತ್ತರ. ಅದಕ್ಕೆ ಎದುರು ನಿಲ್ಲುವುದು ಲೆಕ್ಕ: ಒಂದು ವಾರ ಯಾರು ಎಷ್ಟು ಗಂಟೆ ಏನು ಕೆಲಸ ಮಾಡಿದರು, ಎಷ್ಟು ಕೂಲಿ ಬಂತು ಎಂದು ಒಂದು ನೋಟ್‌ಬುಕ್‌ನಲ್ಲಿ ಗಂಡಸರದ್ದು, ಹೆಂಗಸರದ್ದು ಎದುರುಬದುರು ಬರೆಯಿರಿ. ಫೋನಿಗೆ ಕೂಲಿ ಬಂದಿದ್ದರೆ ಆ ಮೆಸೇಜು ಅಳಿಸಬೇಡಿ.

ಮಾನವ ಹಕ್ಕುಗಳ ಆಯೋಗದ ಬಗ್ಗೆ ಜನರಿಗೆ ನಿರೀಕ್ಷೆ ಜಾಸ್ತಿ. ಅದು ಮುಖ್ಯವಾಗಿ ಸರ್ಕಾರಿ ನೌಕರರು ಮಾಡಿದ ಉಲ್ಲಂಘನೆ ಇಲ್ಲವೇ ನಿರ್ಲಕ್ಷ್ಯಕ್ಕೆ. ಪೊಲೀಸರು ಹೊಡೆದರೆ, ದೂರನ್ನು ತುಳಿದಿಟ್ಟರೆ ಅಲ್ಲಿಗೆ ಹೋಗಬಹುದು, ಒಂದು ವರ್ಷದೊಳಗೆ. ಭಟ್ಟಿ ಮಾಲೀಕನ ಮೇಲೆ ಅಲ್ಲಿಗೆ ಬರೆದು ಆರು ತಿಂಗಳು ಕಾದರೆ ಬೇರೆ ಬಾಗಿಲಿನ ಗಡುವು ದಾಟಿಹೋಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ನಾಳೆಯಿಂದ ಬರಬೇಡ ಅಂದ್ರೆ ನಮ್ ಹೊಟ್ಟೆಪಾಡು?’ ನಿಮ್ಮ ಹಿಂದಿನ ಎರಡು ಕಾರ್ಯಕ್ರಮಗಳ ನಂತರ ಯಾರೂ ದೂರು ಕೊಡದಿದ್ದಕ್ಕೆ ಕಾರಣ ಬಹುಪಾಲು ಈ ಪ್ರಶ್ನೆಯಲ್ಲೇ ಇದೆ. ಜಾತಿ ದೌರ್ಜನ್ಯದ ದೂರುದಾರರಿಗೂ ಸಾಕ್ಷಿಗಳಿಗೂ 15ಎ ಕಲಂನಲ್ಲಿ ರಕ್ಷಣೆಯ ಹಕ್ಕಿದೆ. ಲೈಂಗಿಕ ಕಿರುಕುಳದಲ್ಲಿ ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಅಥವಾ ವರ್ಗಾವಣೆಗೆ ಸಮಿತಿ ಶಿಫಾರಸು ಮಾಡಬಹುದು. ಆದರೆ ದಿನಗೂಲಿಯವರನ್ನು ಬಾಯಿಮಾತಿನಲ್ಲೇ ಬಿಡಿಸಿದರೆ ಮರುದಿನದ ಕೂಲಿ ಕಾನೂನಿನಿಂದ ಬರುವುದಿಲ್ಲ. ಅದಕ್ಕೆ ಸಂಘವೇ ಮೊದಲು ಯೋಚಿಸಬೇಕು. ದೂರು ಕೊಟ್ಟವರಿಗೆ ಹದಿನೈದು ದಿನ ಬೇರೆ ಕಡೆ ಕೆಲಸ ಹೊಂದಿಸುವವರು ಯಾರು, ಠಾಣೆಗೆ ಜೊತೆಗೆ ಹೋಗುವ ಇಬ್ಬರು ಯಾರು ಎಂದು ಅಲ್ಲೇ ಹೆಸರು ಬರೆದುಕೊಳ್ಳಿ.

ಏರ್ಪಾಟಿನ ವಿಷಯದಲ್ಲಿ ಕೆಲವು. 25–30 ಜನಕ್ಕಿಂತ ಹೆಚ್ಚಾದರೆ ಬರೆಸುವುದು ಆಗುವುದಿಲ್ಲ. ಬರೆಯಬಲ್ಲವರು ಐದು ಜನಕ್ಕೊಬ್ಬರಾದರೂ ಇರಲಿ. ವಾರದ ರಜೆ ದಿನ ಇಡಿ, ಇಲ್ಲವಾದರೆ ಆ ದಿನದ ಕೂಲಿ ಕೊಡಿ. ಮೇಸ್ತ್ರಿಗಳಿಗೆ ಬೇರೆ ದಿನ ಮಾಡಿ, ಅವರೆದುರು ಯಾರೂ ಬಾಯಿಬಿಡುವುದಿಲ್ಲ. ದಲಿತರು ಒಳಗೆ ಹೋಗಲು ಹಿಂಜರಿಯುವ ದೇವಸ್ಥಾನದ ಸಮುದಾಯ ಭವನವನ್ನು, ಎಷ್ಟೇ ಅನುಕೂಲವಿದ್ದರೂ, ತೆಗೆದುಕೊಳ್ಳಬೇಡಿ, ಶಾಲೆ ಅಥವಾ ಪಂಚಾಯಿತಿ ಸಭಾಂಗಣ ಸಾಕು. ಊಟ ಒಂದೇ ಪಂಕ್ತಿಯಲ್ಲಿ ಆಗಲಿ, ಬಡಿಸುವವರಲ್ಲಿ ಎಲ್ಲರೂ ಇರಲಿ.

ವಕೀಲರಿಗೆ ದುಡ್ಡು ಹೊಂದಿಸಬೇಕಿಲ್ಲ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಒಂದು ಪತ್ರ ಕೊಟ್ಟು ಪ್ಯಾನೆಲ್ ವಕೀಲರನ್ನೂ (ಪ್ರಾಧಿಕಾರದ ಪಟ್ಟಿಯಲ್ಲಿರುವವರು) ಪ್ಯಾರಾ ಲೀಗಲ್ ಸ್ವಯಂಸೇವಕರನ್ನೂ (ಕಾನೂನು ನೆರವಿಗೆ ತರಬೇತಿ ಪಡೆದವರು) ಕೇಳಿ. ಪತ್ರದಲ್ಲಿ ‘ಭಾಷಣ ಬೇಡ, ದೂರು ಬರೆಸುವ ಅಭ್ಯಾಸಕ್ಕೆ ನಾಲ್ಕು ಗಂಟೆ ಬೇಕು’ ಎಂದು ಬಿಡಿಸಿ ಬರೆಯಿರಿ. ಹೆಂಗಸರು, ಪರಿಶಿಷ್ಟರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ, ಸಹಾಯವಾಣಿ 15100. ತರಬೇತಿ ಆದ ಹದಿನೈದನೇ ದಿನಕ್ಕೆ ಅದೇ ಜನರನ್ನು ಎರಡು ಗಂಟೆ ಮತ್ತೆ ಸೇರಿಸಿ, ಯಾರು ಎಲ್ಲಿಗೆ ಹೋದರು, ಸೀಲು ಬಿದ್ದ ಪ್ರತಿ ಯಾರ ಹತ್ತಿರ ಇದೆ, ಯಾರನ್ನು ವಾಪಸ್ ಕಳಿಸಿದರು ಎಂದು ನೋಡಿ. ವಾಪಸ್ ಬಂದವರ ದೂರನ್ನು ಅಲ್ಲೇ ಎಸ್‌ಪಿ ಅವರ ವಿಳಾಸ ಬರೆದು ಲಕೋಟೆಗೆ ಹಾಕಿ.